ಮೂವತ್ತೆಂಟು ನಿಮಿಷ

ವರದಿಯ ಮೂರನೆಯ ಪುಟದಲ್ಲಿ, ತಪ್ಪು ಯಾರದು ಎಂಬಲ್ಲಿ, ಅಂಬ್ರೀನಳ ಹೆಸರಿತ್ತು. ವಿಭಾಗದ ಮುಖ್ಯಸ್ಥ ಶ್ರೀನಿವಾಸ್ ಅದನ್ನು ಓದುವಾಗ ದನಿ ಏರಿಸಲಿಲ್ಲ, ತಗ್ಗಿಸಲೂ ಇಲ್ಲ. ದಿನಾಂಕ, ವೇಳೆ, ಸರ್ವರಿನ ಸಂಖ್ಯೆ ಓದಿದ ಹಾಗೆಯೇ ಓದಿ ಮುಂದಿನ ಸಾಲಿಗೆ ಹೋದ. ದೊಡ್ಡನೆಕ್ಕುಂದಿಯ ಆ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಮೇಜಿನ ಸುತ್ತ ಏಳು ಜನ ಕೂತಿದ್ದರು. ಜಯದೇವಿ ಕೊನೆಯ ಕುರ್ಚಿಯಲ್ಲಿದ್ದಳು. ಎದುರಿನ ಕಾಗದದ ಲೋಟದಲ್ಲಿ ಕಾಫಿ ಆರಿ ಮೇಲೆ ಕೆನೆ ಕಟ್ಟಿತ್ತು. ಏಸಿಯ ಗಾಳಿಗೆ ಆ ಕೆನೆ ನಡುಗುವುದನ್ನು ನೋಡುತ್ತಾ ಅವಳು, ತನ್ನ ಮುಖ ಈಗ ಉಳಿದವರಿಗೆ ಹೇಗೆ ಕಾಣುತ್ತಿರಬಹುದು ಎಂದು ಯೋಚಿಸಿದಳು. ಹದಿನಾಲ್ಕು ವರ್ಷ ಇಲ್ಲಿ ಡೇಟಾಬೇಸ್ ನೋಡಿಕೊಂಡವಳ ಮುಖ. ಗಂಭೀರವಾಗಿ, ಸ್ವಲ್ಪ ದಣಿದ ಹಾಗೆ ಕಾಣುತ್ತಿರಬೇಕು. ಬೆಳಿಗ್ಗೆ ಜೀವನ್ ಬಿಮಾ ನಗರದ ಮನೆಯಲ್ಲಿ ಗಂಡ ಗುರುಶಾಂತಪ್ಪ ಶೂಗೆ ಲೇಸು ಕಟ್ಟುತ್ತಾ ತಲೆ ಎತ್ತಿ, "ಯಾಕ ಹಿಂಗ ಕುಂತಿ? ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದ್ದ. ಏನಿಲ್ಲ ಎಂದಿದ್ದಳು. ಒಂಬತ್ತು ದಿನದಿಂದ ಎಲ್ಲರಿಗೂ ಅದೇ ಉತ್ತರ.

ಕಂಪನಿ ಮೂರು ಆಸ್ಪತ್ರೆಗಳ ರಕ್ತನಿಧಿಯ ಕಂಪ್ಯೂಟರುಗಳನ್ನು ನಡೆಸುತ್ತಿತ್ತು. ಯಾವ ಚೀಲದಲ್ಲಿ ಯಾವ ಗುಂಪಿನ ರಕ್ತ, ಅದು ಯಾರಿಗೆ ಹೊಂದುತ್ತದೆ, ಯಾರಿಗೆ ಕೊಟ್ಟಾಯಿತು, ಎಲ್ಲವೂ ಒಂದು ಡೇಟಾಬೇಸಿನಲ್ಲಿ. ಅದು ನಿಲ್ಲಬಾರದು. ಆದ್ದರಿಂದ ಸರ್ವರುಗಳು ಎರಡು. ಒಂದು ಬಿದ್ದರೆ ಇನ್ನೊಂದು ಎದ್ದು ನಿಲ್ಲಬೇಕು, ಡೇಟಾಬೇಸಿನ ಪ್ರೋಸೆಸ್ ಸತ್ತರೆ ಮತ್ತೆ ಹುಟ್ಟಿಸಬೇಕು. ಇದನ್ನು ಹಗಲೂ ರಾತ್ರಿ ಕಾಯುವ ತಂತ್ರಾಂಶಕ್ಕೆ ಅವರೆಲ್ಲ ಕ್ಲಸ್ಟರ್ ಎನ್ನುತ್ತಿದ್ದರು. ದುರಸ್ತಿಗೆ ಕೈ ಹಾಕುವ ಮುಂಚೆ ಆ ಕಾವಲಿಗೆ, ಇದನ್ನು ನೀನು ಸ್ವಲ್ಪ ಹೊತ್ತು ಮುಟ್ಟಬೇಡ ಎಂದು ಒಂದು ಆಜ್ಞೆ ಕೊಡಬೇಕು. ಕೆಲಸ ಮುಗಿದ ಮೇಲೆ, ಇನ್ನು ನೀನೇ ನೋಡಿಕೋ ಎಂದು ಇನ್ನೊಂದು. ಎರಡೂ ಒಂದೊಂದು ಸಾಲು. ಎರಡು ವಾರದ ಹಿಂದಿನ ಶನಿವಾರ ಮೊದಲನೆಯ ಸಾಲನ್ನು ಯಾರೋ ಕೊಟ್ಟರು, ಎರಡನೆಯದನ್ನು ಕೊಡಲಿಲ್ಲ. ಮಂಗಳವಾರ ಮಧ್ಯಾಹ್ನ ಎರಡು ಹತ್ತಕ್ಕೆ ಡೇಟಾಬೇಸ್ ನಿಂತಾಗ ಕ್ಲಸ್ಟರ್ ನೋಡಿತು, ಮುಟ್ಟಲಿಲ್ಲ. ಮುಟ್ಟಬೇಡ ಎಂದು ಹೇಳಿಯಾಗಿತ್ತಲ್ಲ. ಎರಡು ನಲವತ್ತೆಂಟರವರೆಗೆ ಎಲ್ಲವೂ ನಿಂತಿತ್ತು. ಆ ಹೊತ್ತಿನಲ್ಲಿ ಒಂದು ಆಸ್ಪತ್ರೆಯಲ್ಲಿ ಹೆರಿಗೆಯಾದ ಹೆಂಗಸೊಬ್ಬಳಿಗೆ ರಕ್ತ ಹರಿಯುವುದು ನಿಂತಿರಲಿಲ್ಲ. ಅವಳಿಗೆ ಹೊಂದುವ ನಾಲ್ಕು ಚೀಲ ರಕ್ತ ಫ್ರಿಡ್ಜಿನಲ್ಲೇ ಇತ್ತು. ಕಂಪ್ಯೂಟರಿನ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ ಎಂದು ಅಲ್ಲಿಯವನು ಕಾದ. ಮೂರೂವರೆಗೆ ಅವಳು ಸತ್ತಳು. ವರದಿಯಲ್ಲಿ ಅವಳಿಗೆ ಹೆಸರಿರಲಿಲ್ಲ, ಹತ್ತು ಅಂಕಿಯ ಒಂದು ಸಂಖ್ಯೆ ಇತ್ತು. ಈ ಅಡಚಣೆಗೂ ಸಾವಿಗೂ ನೇರ ಸಂಬಂಧ ಕಂಡುಬಂದಿಲ್ಲ ಎಂಬ ವಾಕ್ಯವನ್ನು ಶ್ರೀನಿವಾಸ್ ಎರಡು ಸಲ ಓದಿದ.

ಆ ಯಾರೋ ತಾನು ಎಂಬುದು ಜಯದೇವಿಗೆ ಮಂಗಳವಾರ ಎರಡು ನಲವತ್ತಾರಕ್ಕೆ ಗೊತ್ತಾಗಿತ್ತು. ಶನಿವಾರದ ಪಾಳಿ ಕಾಗದದ ಮೇಲೆ ಅಂಬ್ರೀನಳದು. ಚಿಕ್ಕಪ್ಪನ ಮಗಳ ಮದುವೆ ಇದೆ ಮೇಡಂ ಎಂದು ಅವಳು ಕೇಳಿದಾಗ, ಹೋಗು, ನಾನು ನೋಡ್ಕೋತೀನಿ ಎಂದವಳು ತಾನೇ. ಯಾರಿಗೂ ಬರೆದು ತಿಳಿಸಿರಲಿಲ್ಲ. ಲಾಗಿನ್ ಎಲ್ಲರಿಗೂ ಒಂದೇ. ಶನಿವಾರ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಕ್ಕದಲ್ಲಿ ಜೋಳದ ಹಿಟ್ಟಿನ ಡಬ್ಬಿ ಇಟ್ಟುಕೊಂಡು, ಅವಳು ಆ ಮೊದಲ ಸಾಲನ್ನು ಒತ್ತಿ ದುರಸ್ತಿ ಮುಗಿಸಿ ಡೇಟಾಬೇಸನ್ನು ಕೈಯಾರೆ ಶುರು ಮಾಡಿದ್ದಳು. ಅಷ್ಟರಲ್ಲಿ ಫೋನು. ಶ್ರೀನಿವಾಸ್. "ಮೇಡಂ, ಸೋಮವಾರ ಮೇಲ್ ಬರತ್ತೆ, ಮೊದ್ಲೇ ನಿಮಗೆ ಹೇಳೋಣ ಅಂತ. ಟೀಮ್ ಲೀಡ್ ಪೊಸಿಷನ್ ಭೀಮೇಶ್‌ಗೆ ಕೊಟ್ಟಿದಾರೆ. ನಿಮ್ಮ ಎಕ್ಸ್‌ಪೀರಿಯನ್ಸ್ ಬಗ್ಗೆ ಯಾರಿಗೂ ಡೌಟಿಲ್ಲ." ಭೀಮೇಶ್‌ಗೆ ಕ್ಲಸ್ಟರ್ ಎಂದರೇನೆಂದು ಕಲಿಸಿದವಳು ಅವಳು. ಒಳ್ಳೇದಾಯ್ತು ಎಂದಳು, ತುಂಬ ಸಂತೋಷ ಎಂದಳು; ಸಂತೋಷ ಎಂಬ ಮಾತನ್ನು ಎರಡನೆಯ ಸಲ ಹೇಳುವಾಗ ದನಿ ಒಡೆಯಿತು, ಅದು ಅವನಿಗೆ ಕೇಳಿಸಿತು, ಕೇಳಿಸಿದ್ದು ಇವಳಿಗೂ ತಿಳಿಯಿತು. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದು, ಲ್ಯಾಪ್‌ಟಾಪ್ ಮುಚ್ಚಿ, ರೊಟ್ಟಿ ಬಡಿಯಲು ಕೂತಳು. ಅಂದು ಬಡಿದ ರೊಟ್ಟಿಗಳೆಲ್ಲ ದುಂಡಗೆ ಬಂದಿದ್ದವು.

"ಜಯದೇವಿ ಮೇಡಂ, ನೀವು ಏನಾದ್ರೂ ಸೇರ್ಸೋದಿದ್ಯಾ?" ಶ್ರೀನಿವಾಸ್ ಕೇಳಿದ. ಅವಳ ಮೇಲೆ ಅವನ ಕಣ್ಣು ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು.

"ಇಲ್ಲ," ಎಂದಳು.

ಮರೆತದ್ದೊಂದೇ ಆಗಿದ್ದರೆ ಅಂದೇ ಹೇಳಿಬಿಡುತ್ತಿದ್ದಳೇನೋ. ಮಂಗಳವಾರ ಎರಡು ಹನ್ನೆರಡಕ್ಕೆ ಅವಳು ಕ್ಯಾಂಟೀನಿನಲ್ಲಿ ಕೂತಿದ್ದಳು. ಫೋನು ತಟ್ಟೆಯ ಪಕ್ಕದಲ್ಲಿ ಬೋರಲಾಗಿಯೂ ಇರಲಿಲ್ಲ, ಅಂಗಾತವೇ ಇತ್ತು. ಸದ್ದಿಲ್ಲದೆ ಬೆಳಗಿತು. ಅಂಬ್ರೀನ್. ಅವಳು ಇನ್ನೊಂದು ಕಟ್ಟಡದ ಕಂಟ್ರೋಲ್ ರೂಮಿನಲ್ಲಿ ಒಬ್ಬಳೇ ಪಾಳಿಯಲ್ಲಿದ್ದಾಳೆ, ಪಾಳಿಯಲ್ಲಿರುವವರು ಸುಮ್ಮನೆ ಕರೆ ಮಾಡುವುದಿಲ್ಲ ಎಂಬುದೆಲ್ಲ ಗೊತ್ತಿತ್ತು. ಹೊಸ ಲೀಡ್ ಇದ್ದಾನಲ್ಲ, ಅವನನ್ನೇ ಕೇಳಲಿ, ಎಂದು ಮನಸ್ಸು ಅಷ್ಟು ಸ್ಪಷ್ಟವಾಗಿ ಹೇಳಿತು. ಭೀಮೇಶ್ ಅಂದು ದೆಹಲಿಯ ವಿಮಾನದಲ್ಲಿದ್ದ, ಅದೂ ಗೊತ್ತಿತ್ತು. ಫೋನು ಆರಿತು. ಎರಡು ಹತ್ತೊಂಬತ್ತಕ್ಕೆ ಮತ್ತೆ ಬೆಳಗಿತು, ಎರಡು ಮೂವತ್ತೊಂದಕ್ಕೆ ಮತ್ತೆ. ಅವಳು ಮಜ್ಜಿಗೆ ಕುಡಿದಳು. ಕೈ ತೊಳೆದಳು. ಎರಡು ನಲವತ್ತನಾಲ್ಕಕ್ಕೆ ತನ್ನ ಜಾಗಕ್ಕೆ ಬಂದು ಪರದೆ ನೋಡಿದಾಗ ಅದು ಕೆಂಪಾಗಿತ್ತು. ನಾಲ್ಕು ನಿಮಿಷದಲ್ಲಿ ಎಲ್ಲವನ್ನೂ ಎಬ್ಬಿಸಿದಳು. ಸದ್ಯ ಮೇಡಂ ಬಂದ್ರಲ್ಲ ಎಂದರು ಸುತ್ತಲಿನವರು. ಮೂರು ಐದಕ್ಕೆ ಶ್ರೀನಿವಾಸ್ ಇಡೀ ವಿಭಾಗಕ್ಕೆ ಅವಳನ್ನು ಹೊಗಳಿ ಮೇಲ್ ಕಳಿಸಿದ. ಆ ಹೆಂಗಸು ಆಗ ಇನ್ನೂ ಬದುಕಿದ್ದಳು.

ಸಭೆ ಮುಗಿದ ಮೇಲೆ ಅವಳ ಕಾಲು ತನ್ನ ಜಾಗದ ಕಡೆ ಹೋಗದೆ ಶ್ರೀನಿವಾಸನ ಕೋಣೆಯ ಕಡೆ ಹೋಯಿತು. ನಿರ್ಧರಿಸಿ ಹೋದಳು ಎನ್ನುವ ಹಾಗಿರಲಿಲ್ಲ. ಕಾರಿಡಾರಿನಲ್ಲಿ ಅಂಬ್ರೀನಳ ಖಾಲಿ ಕುರ್ಚಿ ಕಂಡಿತು, ಸೋಮವಾರ ಅವಳ ಕಾಂಟ್ರ್ಯಾಕ್ಟ್ ಮುಗಿಸಿ ಕಾರ್ಡ್ ವಾಪಸ್ ತೆಗೆದುಕೊಂಡಿದ್ದರು. ಮಾನಿಟರಿನ ಕೆಳಗೆ ಒಂದು ಹಳದಿ ಚೀಟಿ ಇನ್ನೂ ಅಂಟಿತ್ತು: ಕೇಳದೆ ಮುಟ್ಟಬಾರದು. ಹೋದ ವರ್ಷ ಇಂಥದೇ ಒಂದು ದಿನ ಅಂಬ್ರೀನ್ ಯಾರನ್ನೂ ಕೇಳದೆ ಡೇಟಾಬೇಸನ್ನು ಕೈಯಾರೆ ಎಬ್ಬಿಸಲು ಹೋಗಿದ್ದಳು. ಅಕಸ್ಮಾತ್ ಎರಡೂ ಸರ್ವರಿನಲ್ಲಿ ಅದು ಏಕಕಾಲಕ್ಕೆ ಎದ್ದರೆ ಇರುವ ದಾಖಲೆಯೂ ಹಾಳು. ಎಲ್ಲರೆದುರು ಜಯದೇವಿ ಕೂಗಾಡಿದ್ದಳು. ಮೂವತ್ತೊಂದು ವರ್ಷದ ಹೆಂಗಸು, ಎಂಟು ವರ್ಷದ ಅನುಭವದವಳು, ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡು ಹೋಗಿ ಆ ಚೀಟಿ ಬರೆದು ಅಂಟಿಸಿಕೊಂಡಿದ್ದಳು.

"ಶನಿವಾರ ಕೆಲಸ ಮಾಡಿದ್ದು ನಾನು," ಎಂದಳು, ಬಾಗಿಲು ಮುಚ್ಚಿದ ತಕ್ಷಣ. "ಅಂಬ್ರೀನ್ ಅವತ್ತು ಮದುವೆಗೆ ಹೋಗಿದ್ಲು. ಕ್ಲಸ್ಟರ್‌ಗೆ ವಾಪಸ್ ಕೊಡೋದು ಮರ್ತಿದ್ದು ನಾನು."

ಶ್ರೀನಿವಾಸ್ ಬೆಚ್ಚಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ. "ಕೂತ್ಕೊಳಿ ಮೇಡಂ. ವರದಿ ಬೆಳಿಗ್ಗೆ ಒಂಬತ್ತಕ್ಕೇ ಆಸ್ಪತ್ರೆಗೆ ಹೋಗಿದೆ. ಈಗ ಓದಿದ್ದು ಬರೀ ನಮಗೋಸ್ಕರ."

"ಹಾಗಾದ್ರೆ ಇನ್ನೊಂದು ಕಳಿಸಿ."

"ಏನಂತ? ಮೊದ್ಲು ಕಳ್ಸಿದ್ದು ಸುಳ್ಳು ಅಂತಾನಾ? ನೋಡಿ, ಅವಳು ಕಾಂಟ್ರ್ಯಾಕ್ಟ್. ನಾಲ್ಕು ತಿಂಗಳಲ್ಲಿ ಇನ್ನೆಲ್ಲೋ ಸೇರ್ಕೋತಾಳೆ. ನೀವು ಹಾಗಲ್ಲ. ನಿಮ್ಮಂಥೋರಿಂದಾನೇ ಹೀಗಾಯ್ತು ಅಂದ್ರೆ ನಮ್ಮ ಇಡೀ ವ್ಯವಸ್ಥೆ ಮೇಲೇ ಪ್ರಶ್ನೆ ಬರತ್ತೆ. ನೀವೇನೂ ಹೇಳಿಲ್ಲ, ನಾನೇನೂ ಕೇಳಿಲ್ಲ. ಮನೆಗೆ ಹೋಗಿ ರೆಸ್ಟ್ ತಗೊಳಿ."

ಹೊರಗೆ ಬಂದಾಗ ಅವಳಿಗೆ ಹಸಿವಾಯಿತು. ಒಂಬತ್ತು ದಿನದಲ್ಲಿ ಮೊದಲ ಸಲ, ಚೊಕ್ಕ ಹಸಿವು. ಭುಜ ಸಡಿಲವಾಗಿತ್ತು. ಹೇಳಿದ್ದೂ ಆಯಿತು, ಏನೂ ಆಗಲೂ ಇಲ್ಲ. ಲಿಫ್ಟಿನ ಕನ್ನಡಿಯಲ್ಲಿ ತನ್ನ ಮುಖ ತಿಳಿಯಾಗಿದ್ದುದನ್ನು ಕಂಡು ಅವಳಿಗೆ ತನ್ನ ದೇಹದ ಮೇಲೇ ಅಸಹ್ಯವಾಯಿತು. ಕೆಳಗಿನ ಬೇಕರಿಯ ಮುಂದೆ ನಿಂತು ಒಂದು ಬನ್ನು ತೆಗೆದುಕೊಂಡು ಎರಡು ತುತ್ತು ತಿಂದು ಉಳಿದದ್ದನ್ನು ಕೈಯಲ್ಲಿ ಹಿಡಿದೇ ಆಟೊ ಹತ್ತಿದಳು. ಮನೆಗೆ ಎನ್ನಬೇಕೆಂದುಕೊಂಡವಳು ಗರುಡಾಚಾರ್‌ಪಾಳ್ಯ ಮೆಟ್ರೋ ಎಂದಳು.

ರೈಲು ಮಧ್ಯಾಹ್ನದ ಬಿಸಿಲಿನಲ್ಲಿ ಕೆ.ಆರ್.ಪುರದ ತೂಗುಸೇತುವೆಯನ್ನು ಪಕ್ಕಕ್ಕೆ ಬಿಟ್ಟು ಹೋಯಿತು. ಕೂತವರೆಲ್ಲ ಫೋನು ನೋಡುತ್ತಿದ್ದರು. ಅಷ್ಟು ಕೈಗಳಲ್ಲಿ ಅಷ್ಟು ಪರದೆಗಳು ಬೆಳಗುತ್ತಿದ್ದವು, ಯಾವುದೋ ಒಂದು ಅದುರಿತು, ಅದರವಳು ತಕ್ಷಣ ಕಿವಿಗೆ ಹಚ್ಚಿ, ಹೇಳು ಮಗಾ, ಎಂದಳು. ಎಷ್ಟು ಸುಲಭ. ಇಂದಿರಾನಗರ ಬಂತು, ಇಳಿದರೆ ಇಪ್ಪತ್ತು ನಿಮಿಷಕ್ಕೆ ಮನೆ, ಇಳಿಯಲಿಲ್ಲ. ಹಲಸೂರು ದಾಟುವಾಗ ಅಂಬ್ರೀನಳಿಗೆ ಏನು ಹೇಳುವುದು ಎಂದು ಮನಸ್ಸಿನಲ್ಲೇ ಬರೆದುಕೊಳ್ಳತೊಡಗಿದಳು, ಬರೆದಂತೆಲ್ಲ ಅದು ಇಂಗ್ಲಿಷಿನಲ್ಲಿ, ಮೇಲ್‌ನ ಹಾಗೆ, ವಿಷಾದ ಸೂಚಿಸುತ್ತಾ ಬರುತ್ತಿತ್ತು. ಅಳಿಸಿದಳು. ಶಿವಾಜಿನಗರದಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಮ್ಮಬ್ಬಾದು ಬ್ಯಾಗಿನ ಅಂಗಡಿ, ಮೇಲೆ ನಮ್ಮನೆ, ಎಂದು ಅಂಬ್ರೀನ್ ಯಾವಾಗಲೋ ಹೇಳಿದ್ದು ನೆನಪಿತ್ತು. ರೈಲಿಳಿದು ಅಲ್ಲಿಗೆ ಹೋಗಿ ಎರಡು ಕಡೆ ಕೇಳಿದ ಮೇಲೆ ಸಿಕ್ಕಿತು. ಸಾಲಾಗಿ ತೂಗುಬಿಟ್ಟ ಸ್ಕೂಲ್ ಬ್ಯಾಗುಗಳ ಕೆಳಗೆ ಬಿಳಿ ಗಡ್ಡದ ಒಬ್ಬ ಸೂಟ್‌ಕೇಸಿನ ಜಿಪ್ಪಿಗೆ ಮೇಣ ಉಜ್ಜುತ್ತಿದ್ದ.

"ಬನ್ನಿ ಮೇಡಂ. ಲೇಡೀಸ್ ಬ್ಯಾಗಾ, ಲಗೇಜಾ?"

"ಅಂಬ್ರೀನ್ ಇದಾಳಾ? ನಾನು ಆಫೀಸಿಂದ."

ಅಂಬ್ರೀನಳ ತಂದೆ ಗಯಾಜ್ ಕೈಯಲ್ಲಿದ್ದ ಮೇಣ ಕೆಳಗಿಟ್ಟು ಎದ್ದು ನಿಂತ. ಅವನ ಮುಖದಲ್ಲಿ ಕಂಡದ್ದು ಸಿಟ್ಟಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು; ಅದು ನಾಚಿಕೆಯಾಗಿತ್ತು. ಮಗಳ ಪರವಾಗಿ ತಾನು ತಗ್ಗಿ ನಿಲ್ಲಬೇಕೆಂದುಕೊಂಡ ಹಾಗೆ ನಿಂತಿದ್ದ. ಮೇಲಕ್ಕೆ ಕೂಗಿ ಕರೆದ. ಅಂಬ್ರೀನ್ ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸುತ್ತಾ ಕಿರಿದಾದ ಮೆಟ್ಟಿಲಿಳಿದು ಬಂದು ಕೊನೆಯ ಮೆಟ್ಟಿಲಲ್ಲೇ ನಿಂತಳು.

"ಶನಿವಾರದ್ದು ನಾನು ಮಾಡಿದ್ದು ಅಂಬ್ರೀನ್. ನಾನೇ ಮರ್ತೆ. ಇವತ್ತು ಶ್ರೀನಿವಾಸ್‌ಗೆ ಹೇಳಿ ಬಂದೆ."

"ಇವತ್ತು," ಎಂದಳು ಅಂಬ್ರೀನ್. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ದಿನಾಂಕ ಗುರುತು ಹಾಕಿಕೊಂಡ ಹಾಗಿತ್ತು. "ನನಗೆ ಅವತ್ತೇ ಗೊತ್ತಿತ್ತು ಮೇಡಂ. ನಿಮ್ಮ ಫೋನ್ ಸಿಗದೆ ಇದ್ದಾಗ ಹಿಸ್ಟರಿ ತೆಗೆದು ನೋಡ್ದೆ. ಶನಿವಾರ ಹನ್ನೊಂದೂಕಾಲಿಗೆ ನಿಮ್ಮ ಲ್ಯಾಪ್‌ಟಾಪಿಂದ ಲಾಗಿನ್ ಆಗಿತ್ತು."

"ಯಾರಿಗೂ ಹೇಳ್ಲಿಲ್ವಾ?"

"ಬುಧವಾರ ಬೆಳಿಗ್ಗೇನೇ ಶ್ರೀನಿವಾಸ್ ಸರ್‌ಗೆ ತೋರಿಸ್ದೆ. ಪ್ರಿಂಟ್ ತೆಗೆದುಕೊಟ್ಟೆ. ಜಯದೇವಿ ಮೇಡಂ ತಾವಾಗೇ ಹೇಳಿದ್ರೆ ನೋಡೋಣ ಅಂದ್ರು. ಸೋಮವಾರ ತನಕ ಕಾದೆ."

ಜಯದೇವಿಗೆ ಬೆಳಿಗ್ಗೆ ತನ್ನ ಮೇಲೆ ಹೆಚ್ಚು ಹೊತ್ತು ನಿಂತಿದ್ದ ಆ ಕಣ್ಣು ನೆನಪಾಯಿತು. ಗೊತ್ತಿದ್ದೇ ಕೇಳಿದ್ದ. ಇಲ್ಲ ಎಂದಾಗ ಅವನಿಗೆ ಎಷ್ಟು ಹಗುರವಾಗಿರಬೇಕು. ಒಂದು ಗಂಟೆಯ ನಂತರ ಅವಳು ಅವನ ಕೋಣೆಗೆ ಹೋಗಿ ದೊಡ್ಡದೇನನ್ನೋ ಬಿಚ್ಚಿಡುವವಳ ಹಾಗೆ ಬಾಗಿಲು ಮುಚ್ಚಿದ್ದಳಲ್ಲ, ಆಗ ಅವನು ಕನ್ನಡಕ ಒರೆಸಿಕೊಂಡದ್ದು ನಗು ಅಡಗಿಸಲಿಕ್ಕೋ, ಬೇಸರಕ್ಕೋ. ಇಲ್ಲಿಯೂ, ಈ ಹೊತ್ತಿನಲ್ಲೂ, ತನ್ನ ಮಾನದ ಬಗ್ಗೆಯೇ ಯೋಚಿಸುತ್ತಿದ್ದೇನೆ ಎನ್ನಿಸಿತು.

"ಮರ್ತಿದ್ದು ಬಿಡಿ ಮೇಡಂ," ಅಂಬ್ರೀನ್ ಹೇಳಿದಳು. "ಯಾರಾದ್ರೂ ಮರೀತಾರೆ. ಫೋನ್ ಯಾಕೆ ತೆಗೀಲಿಲ್ಲ? ಮೂರು ಸಲ ಮಾಡ್ದೆ. ನಡುವೆ ಶ್ರೀನಿವಾಸ್ ಸರ್‌ಗೂ ಮಾಡ್ದೆ, ಜಯದೇವಿ ಮೇಡಂನ ಕೇಳಿ ಮಾಡು ಅಂದ್ರು. ನೀವು ಒಂದು ಮಾತು ಶುರು ಮಾಡು ಅಂದಿದ್ರೆ ಎರಡು ನಿಮಿಷದಲ್ಲಿ ಮಾಡ್ತಿದ್ದೆ."

ಉತ್ತರಗಳು ಸಾಲಾಗಿ ಸಿದ್ಧವಿದ್ದವು. ಸೈಲೆಂಟಿನಲ್ಲಿತ್ತು. ಕ್ಯಾಂಟೀನಿನ ಗದ್ದಲ. ಬ್ಯಾಗಿನೊಳಗಿತ್ತು. ಒಂಬತ್ತು ದಿನ ಅವುಗಳನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದಳು, ಯಾರೂ ಕೇಳಿರಲಿಲ್ಲ. "ನೋಡ್ದೆ," ಎಂದಳು. "ಬೇಕಂತಲೇ ತೆಗೀಲಿಲ್ಲ. ಲೀಡ್ ನನಗೆ ಕೊಡ್ಲಿಲ್ಲ ಅಂತ ಸಿಟ್ಟಿತ್ತು. ಹೊಸಬನ್ನೇ ಕೇಳ್ಕೊಳ್ಲಿ ಅನ್ಕೊಂಡೆ."

ಗಲ್ಲಿಯಲ್ಲಿ ಯಾರೋ ತಳ್ಳುಗಾಡಿಗೆ ದಾರಿ ಬಿಡಿ ಎಂದು ತಮಿಳಿನಲ್ಲಿ ಕೂಗುತ್ತಿದ್ದರು. ಮಾತಾಡಿದವನು ಗಯಾಜ್.

"ಇವಳು ನನಗೆ ಹೇಳಿದ್ಲು ಮೇಡಂ. ನಾನು ಮಾಡಿಲ್ಲ ಅಬ್ಬಾ, ನಾನು ಮಾಡಿಲ್ಲ ಅಂತ ಎಷ್ಟು ಸಲ ಹೇಳಿದ್ಲು. ಶುಕ್ರವಾರ ಕಂಪನಿ ನೋಟಿಸ್ ಬಂತು. ಇಂಗ್ಲಿಷಲ್ಲಿತ್ತು, ಸ್ಟಾಂಪ್ ಇತ್ತು, ನಾನು ಅದನ್ನ ನಂಬಿದೆ." ಅವನು ಮಗಳ ಕಡೆ ತಿರುಗಲಿಲ್ಲ. "ಆ ನೋಟಿಸ್ ಜೊತೆ ಆಸ್ಪತ್ರೆ ಕಾಗದ ಇತ್ತು, ಅದ್ರಲ್ಲಿ ಸತ್ತುಹೋದೋಳ ಮನೆ ಅಡ್ರೆಸ್. ಕೆ.ಆರ್.ಪುರಂ. ಭಾನುವಾರ ನಾನು ಹೋಗ್ಬಿಟ್ಟೆ. ಆ ತಾಯಿ ಮುಂದೆ ಕೈ ಮುಗಿದೆ. ನನ್ನ ಮಗಳ ಕೈಯಿಂದ ತಪ್ಪಾಯ್ತು, ಮಾಫ್ ಮಾಡಿ ಅಂದೆ."

"ಅಬ್ಬಾ?" ಎಂದಳು ಅಂಬ್ರೀನ್. ಅವಳಿಗೆ ಇದು ತಿಳಿದಿರಲಿಲ್ಲ. ತಂದೆಯ ಬೆನ್ನನ್ನು ನೋಡಿದಳು. ಆಮೇಲೆ ತಿರುಗಿ ಮೆಟ್ಟಿಲು ಹತ್ತಿ ಹೋದಳು, ಮೇಲೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು, ಚಿಲಕದ ಸದ್ದೂ. ಗಯಾಜ್ ಟೋಪಿ ಸರಿಮಾಡಿಕೊಂಡು, ತೂಗುಬಿಟ್ಟ ಬ್ಯಾಗುಗಳನ್ನು ಒಂದೊಂದಾಗಿ ಒಳಗೆಳೆದು ಶಟರ್ ಇಳಿಸಿದ.

"ನಡೀರಿ ಮೇಡಂ. ನಾನು ಆಡಿದ ಮಾತು ವಾಪಸ್ ತಗೋಬೇಕು. ನೀವು ಬಂದ್ರೇನೇ ಆಗೋದು."

ಆಗುವುದಿಲ್ಲ ಎನ್ನಬಹುದಿತ್ತು. ನಾಳೆ ಎನ್ನಬಹುದಿತ್ತು, ವಕೀಲರನ್ನು ಕೇಳಿ ಎನ್ನಬಹುದಿತ್ತು, ಗುರುಶಾಂತಪ್ಪನಿಗೆ ಒಂದು ಮಾತು ಹೇಳಿ ಎನ್ನಬಹುದಿತ್ತು. ಅವಳು ಅವನ ಹಿಂದೆ ನಡೆದಳು. ಮೆಟ್ರೋದಲ್ಲಿ ಅವನು ಅವಳಿಗೆ ಸೀಟು ತೋರಿಸಿ ತಾನು ಬಾಗಿಲ ಬಳಿ ಕಂಬ ಹಿಡಿದು ನಿಂತ. ಒಂದು ಗಂಟೆಯ ಹಿಂದೆ ಬಂದ ದಾರಿಯೇ ಹಿಂದಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಇಷ್ಟು ದಿನ ಆ ಹತ್ತು ಅಂಕಿಯ ಸಂಖ್ಯೆಯನ್ನು ಅವಳು ಕಣ್ಣು ಮುಚ್ಚಿ ಹೇಳಬಲ್ಲಳಾಗಿದ್ದಳು. ಡೇಟಾಬೇಸಿನಲ್ಲಿ ಒಂದು ಪ್ರಶ್ನೆ ಬರೆದರೆ ಹೆಸರು, ವಯಸ್ಸು, ವಿಳಾಸ ಎಲ್ಲ ಬಂದುಬಿಡುತ್ತಿತ್ತು. ಅದು ನಿಯಮಕ್ಕೆ ವಿರುದ್ಧ ಎಂದು ತನಗೆ ತಾನೇ ಹೇಳಿಕೊಂಡು ನೋಡಿರಲಿಲ್ಲ. ಕೆ.ಆರ್.ಪುರ ನಿಲ್ದಾಣದಲ್ಲಿ ಇಳಿಯುವಾಗ ಜನ ನೂಕಿದರು; ಗಯಾಜ್ ಅವಳಿಗೆ ದಾರಿಯಾಗಲೆಂದು ಕೈ ಅಡ್ಡ ಹಿಡಿದ. ಆ ಸೌಜನ್ಯ ಸಹಿಸಲಾಗದೆ ಅವಳು ಬೇಗ ಬೇಗ ನಡೆದಳು.

ದೇವಸಂದ್ರದ ಒಳಗಿನ ಓಣಿಯೊಂದರಲ್ಲಿ ಎರಡು ಕೋಣೆಯ ಮನೆ. ಬಾಗಿಲಲ್ಲೇ ಅರವತ್ತರ ಹತ್ತಿರದ ಹೆಂಗಸು, ಸತ್ತವಳ ತಾಯಿ ಜಟ್ಟೆಮ್ಮ, ಸ್ಟೀಲ್ ಬೋಗುಣಿಯಲ್ಲಿ ನೆನೆದ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಬೆರಳು ಒತ್ತಿದೊಡನೆ ಕಾಳು ಸಿಪ್ಪೆಯಿಂದ ಚಿಮ್ಮಿ ಇನ್ನೊಂದು ಪಾತ್ರೆಗೆ ಬೀಳುತ್ತಿತ್ತು. ಓಣಿಯ ಮೂಲೆಯ ಹೋಟೆಲಿಗೆ ಕೊಡುವುದಕ್ಕೆಂದು ಆಮೇಲೆ ತಿಳಿಯಿತು. ಗೋಡೆಯ ಮೇಲೆ ಸತ್ತವಳ ಫೋಟೋ ಇನ್ನೂ ಹಾಕಿರಲಿಲ್ಲ. ಹಗ್ಗದ ಮೇಲೆ ಪುಟ್ಟ ಬಟ್ಟೆಗಳಿದ್ದವು, ಮಗು ಕಾಣಲಿಲ್ಲ.

"ಮತ್ಯಾಕ್ ಬಂದ್ರಿ ಸಾಬ್ರೇ?" ಜಟ್ಟೆಮ್ಮ ಕೈ ನಿಲ್ಲಿಸದೆ ಕೇಳಿದಳು. "ಮಾಫಿ ಕೊಡೋಕೆ ನಾನ್ಯಾರು ಅಂತ ಅವತ್ತೇ ಹೇಳಿದ್ನಲ್ಲ."

"ಅವತ್ತು ನಾನು ಹೇಳಿದ್ದು ಸುಳ್ಳಾಯ್ತಮ್ಮ. ನನ್ನ ಮಗಳು ಮಾಡಿರ್ಲಿಲ್ಲ. ನಾನು ತಿಳೀದೆ ಅವಳ ಹೆಸರು ಹೇಳ್ಬಿಟ್ಟೆ. ಇವರು..." ಗಯಾಜ್ ಹೊಸ್ತಿಲಿಂದ ಹಿಂದೆ ಸರಿದು ಓಣಿಯಲ್ಲಿ ನಿಂತ.

ಜಯದೇವಿ ಹೊಸ್ತಿಲ ಬಳಿ ನೆಲದ ಮೇಲೆ ಕೂತಳು. ಹದಿನಾಲ್ಕು ವರ್ಷ ಆಡಿದ ಒಂದು ಪದವೂ ಇಲ್ಲಿ ಉಪಯೋಗಕ್ಕೆ ಬರುವ ಹಾಗಿರಲಿಲ್ಲ. "ಆಸ್ಪತ್ರೇಲಿ ರಕ್ತದ ವಿವರ ಇಡೋ ಕಂಪ್ಯೂಟರ್ ನೋಡ್ಕೊಳ್ಳೋಳು ನಾನು," ಎಂದಳು. "ಅದು ನಿಂತ್ರೆ ತಾನಾಗೇ ಮತ್ತೆ ಶುರುವಾಗೋ ಹಾಗೆ ಮಾಡಿರ್ತೀವಿ. ರಿಪೇರಿಗೆ ಅಂತ ನಾನು ಅದನ್ನ ತಡೆದಿಟ್ಟೆ. ರಿಪೇರಿ ಮುಗಿದ್ಮೇಲೆ ಬಿಡೋದು ಮರ್ತೆ. ಅದಕ್ಕೇ ಅವತ್ತು ಅದು ಏಳ್ಲಿಲ್ಲ."

ಜಟ್ಟೆಮ್ಮನ ಕೈ ನಿಂತಿತು. "ಆಸ್ಪತ್ರೆಯೋರು ಕಂಪ್ಯೂಟರ್ ಕೆಟ್ಟಿತ್ತು ಅಂದ್ರು. ಡಾಕ್ಟ್ರಮ್ಮ ಮೊದ್ಲೇ ರಕ್ತ ಕಮ್ಮಿ ಇತ್ತು ಅಂದ್ಲು. ಈ ಸಾಬ್ರು ಬಂದು ನನ್ನ ಮಗಳು ಅಂದ್ರು. ಇವತ್ತು ನೀನು ನಾನು ಅಂತೀಯ. ನಾಳೆ ಇನ್ಯಾರು ಬತ್ತಾರೆ? ನನ್ನ ನಳಿನೀನ ನೀವು ಎಷ್ಟು ಜನ ಸೇರ್ಕೊಂಡು ಸಾಯಿಸಿದ್ರಿ?"

ನಳಿನಿ. ಹೆಸರು ಹೀಗೆ ಬಂತು. ಜಯದೇವಿ ಅದನ್ನು ಬಾಯೊಳಗೇ ಒಂದು ಸಲ ಹೇಳಿಕೊಂಡಳು. ಇನ್ನು ಏಳಬಹುದು ಎಂದು ದೇಹ ಸೂಚನೆ ಕೊಡುತ್ತಿತ್ತು; ಹೇಳಬೇಕಾದ್ದು ಹೇಳಿಯಾಯಿತಲ್ಲ. ಫೋನಿನ ವಿಷಯ ಹೇಳಿಲ್ಲ ಎಂಬುದನ್ನು ಗಯಾಜ್ ಓಣಿಯಲ್ಲಿ ನಿಂತು ಗಮನಿಸಿದ್ದಾನೆಂದು ಅವಳಿಗೆ ಗೊತ್ತಿತ್ತು.

"ಕೂತ್ಕೋ," ಎಂದಳು ಜಟ್ಟೆಮ್ಮ, ಅವಳು ಏಳುವ ಮೊದಲೇ. "ನಮ್ಮೆಜಮಾನ್ರು ಬರ್ಲಿ. ಅವ್ರ ಮುಂದೆ ಹೇಳು. ನಾನು ಹೇಳಿದ್ರೆ ನಂಗೆ ಸರಿಯಾಗಿ ಹೇಳೋಕ್ ಬರಲ್ಲ." ಮತ್ತೆ ಕಾಳಿಗೆ ಕೈ ಹಾಕಿದಳು. ಮಗು ಎಲ್ಲಿ ಎಂದು ಜಯದೇವಿ ಕೇಳಿದಳು. "ಅಳಿಯ ಮಾಲೂರಿಗೆ ಕರ್ಕೊಂಡೋದ, ಅವ್ರಮ್ಮನ ತಾವ. ಈ ಬಟ್ಟೆ ಬಿಟ್ಟೋಗವ್ನೆ," ಎಂದಳು. ಅರ್ಧ ಗಂಟೆ ಹಾಗೆಯೇ ಕಳೆಯಿತು. ಜಯದೇವಿಯ ಕಾಲು ಜೋಮು ಹಿಡಿಯಿತು. ಶ್ರೀನಿವಾಸ್ ಒಮ್ಮೆ ಕರೆ ಮಾಡಿದ. ಅವಳು ಕಿವಿಗೆ ಹಚ್ಚಿ, ಆಮೇಲೆ ಮಾಡ್ತೀನಿ, ಎಂದು ಇಟ್ಟಳು.

ದೊಡ್ಡಮುನಿಯಪ್ಪ ಫ್ಯಾಕ್ಟರಿಯೊಂದರ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸದವನು, ಪಾಳಿ ಮುಗಿಸಿ ನೀಲಿ ಯೂನಿಫಾರ್ಮಿನಲ್ಲೇ ಬಂದ. ಹೆಂಡತಿ ಎರಡು ಮಾತಿನಲ್ಲಿ ಹೇಳಿದ್ದನ್ನು ಕೇಳಿ, ಕ್ಯಾಪು ತೆಗೆದು ಮೊಳೆಗೆ ಹಾಕಿ, ಜಯದೇವಿಯ ಎದುರು ಗೋಡೆಗೊರಗಿ ಕೂತ. "ಮೊದ್ಲಿಂದ ಹೇಳಮ್ಮ," ಎಂದ. ಅವಳು ಮೊದಲಿಂದ ಹೇಳಿದಳು. ಅವನು ಗೇಟಿನಲ್ಲಿ ಬಂದವರ ಹೆಸರು, ವೇಳೆ ಬರೆದುಕೊಂಡು ಅಭ್ಯಾಸವಾದವನ ಹಾಗೆ ಒಂದೊಂದು ಮಾತಿಗೂ ಕಾಯುತ್ತಿದ್ದ.

"ಸರಿ. ಎರಡು ಹತ್ತಕ್ಕೆ ನಿಂತೋಯ್ತು," ಎಂದ. "ಆ ಸಾಬ್ರ ಮಗಳು ಅಲ್ಲೇ ಇದ್ಲಲ್ಲ. ಆಯಮ್ಮ ಯಾರ್ನೂ ಕೇಳ್ಲಿಲ್ವಾ?"

"ನನ್ನ ಕೇಳಿದ್ಲು," ಎಂದಳು ಜಯದೇವಿ. "ಮೂರು ಸಲ ಫೋನ್ ಮಾಡಿದ್ಲು. ನಾನು ನೋಡಿಯೂ ತೆಗೀಲಿಲ್ಲ."

"ಯಾಕೆ?"

ಹೇಳಿದಳು. ಹೇಳುವಾಗ ಅದು ಅಂಗಡಿಯಲ್ಲಿ ಹೇಳಿದ್ದಕ್ಕಿಂತಲೂ ಚಿಕ್ಕದಾಗಿತ್ತು. ಯಾವುದೋ ಒಂದು ಹುದ್ದೆ, ಯಾರಿಗೋ ಹೋಯಿತು.

"ನಾನು ಆ ರಕ್ತ ಕೊಡೋ ಕಿಟಕಿ ಮುಂದೇನೇ ನಿಂತಿದ್ದೆ," ಎಂದ ದೊಡ್ಡಮುನಿಯಪ್ಪ. "ಒಳಗೆ ಫ್ರಿಡ್ಜ್ ಕಾಣ್ತಿತ್ತು, ಗಾಜಿನ ಬಾಗ್ಲು. ಚೀಲ ಕಾಣ್ತಿತ್ತು. ಚೀಟಿ ಬರ್ಲಿ ಬರ್ಲಿ ಅಂತಿದ್ದ ಅವ್ನು. ನಾನೂ ಸರಿ ಸಾರ್ ಅಂತ ನಿಂತಿದ್ದೆ. ರೂಲ್ಸ್ ಅಂದ್ರೆ ನಂಗೆ ಗೊತ್ತು, ಪಾಸಿಲ್ದೆ ನಾನೂ ಯಾರ್ನೂ ಒಳಗೆ ಬಿಡಲ್ಲ." ಅವನು ಮೂಗು ಒರೆಸಿಕೊಂಡ. "ನೀನು ಫೋನ್ ತೆಗೆದಿದ್ರೆ ನನ್ ಮಗಳು ಉಳೀತಿದ್ಲಾ?"

"ಗೊತ್ತಿಲ್ಲ," ಎಂದಳು. "ರಕ್ತ ಅರ್ಧ ಗಂಟೆ ಮೊದ್ಲು ಸಿಗ್ತಿತ್ತು. ಉಳೀತಿದ್ರಾ ಅಂತ ನಂಗೊತ್ತಿಲ್ಲ."

ಅವನು ಎದ್ದು ಒಳಗಿನಿಂದ ಆಸ್ಪತ್ರೆಯ ಫೈಲು ತಂದ, ಜೊತೆಗೆ ಡ್ಯೂಟಿಯ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ, ಪೆನ್ನು. "ಸ್ಟೇಷನ್ನಿಗೆ ಹೋಗಿದ್ದೆ. ಯಾರ ಮೇಲೆ ದೂರು ಕೊಡ್ತೀಯ ಅಂದ್ರು. ಕಂಪ್ಯೂಟರ್ ಕೆಟ್ಟೋಗಿತ್ತಂತೆ ಸಾರ್ ಅಂದೆ. ನಕ್ಬಿಟ್ರು. ಈಗ ಹೇಳಿದ್ದೆಲ್ಲ ಬರ್ಕೊಡು. ಕನ್ನಡದಲ್ಲಿ ಬರಿ, ನಾನು ಓದ್ಬೇಕು."

ಆ ಹಾಳೆ ಹಿಡಿದು ಅವನು ಎಲ್ಲಿಗೆ ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಕೆಲಸ ಹೋಗುವುದು ಅದರಲ್ಲಿ ಚಿಕ್ಕದು. ಫೈಲನ್ನು ತೊಡೆಯ ಮೇಲೆ ಆನಿಸಿಕೊಂಡು ಬರೆಯತೊಡಗಿದಳು. ಕೈಯಲ್ಲಿ ಕನ್ನಡ ಬರೆದು ಎಷ್ಟು ವರ್ಷವಾಗಿತ್ತೋ, ಒತ್ತಕ್ಷರಗಳು ಸೊಟ್ಟಗೆ ಬಂದವು. ಹೆಸರು ಬರೆದಳು, ಜೀವನ್ ಬಿಮಾ ನಗರದ ವಿಳಾಸ ಬರೆದಳು, ಶನಿವಾರದ್ದನ್ನು ಬರೆದಳು, ಅಂಬ್ರೀನ್ ಅಂದು ರಜೆಯಲ್ಲಿದ್ದಳು, ಇದರಲ್ಲಿ ಅವಳ ತಪ್ಪಿಲ್ಲ ಎಂದು ಬರೆದಳು, ಶ್ರೀನಿವಾಸನಿಗೆ ಬುಧವಾರವೇ ತಿಳಿದಿತ್ತು ಎಂದೂ ಬರೆದಳು. ಓಣಿಯಲ್ಲಿ ಬೆಳಕು ಇಳಿಯುತ್ತಿತ್ತು, ಜಟ್ಟೆಮ್ಮ ಎದ್ದು ದೀಪ ಹಾಕಿದಳು. ಸಹಿ ಮಾಡಿ ಕೊಟ್ಟಾಗ ದೊಡ್ಡಮುನಿಯಪ್ಪ ಬೆರಳಿಟ್ಟುಕೊಂಡು, ಗಟ್ಟಿಯಾಗಿ, ಪದ ಪದವಾಗಿ ಓದಿದ. ಹೊರಗೆ ಗಯಾಜ್ ಮಗಳ ಹೆಸರು ಬಂದಾಗ ತಲೆ ತಗ್ಗಿಸಿದ. ಬೆರಳು ಕೊನೆಯ ಸಾಲುಗಳ ಹತ್ತಿರ ನಿಂತಿತು.

"'ಕರೆಗಳಿಗೆ ಉತ್ತರಿಸಲಾಗಲಿಲ್ಲ.' ಇದೇನಿದು?" ಎಂದ. "ಆಗ್ಲಿಲ್ಲ ಅಂದ್ರೆ ಏನೋ ಅಡ್ಡಿ ಇತ್ತು ಅಂತಾಯ್ತಲ್ಲ. ನನ್ ಮುಂದೆ ಹಿಂಗೇಳ್ಲಿಲ್ಲ ನೀನು."

ಜಯದೇವಿ ಹಾಳೆ ತೆಗೆದುಕೊಂಡಳು. ಆ ಸಾಲು ತಾನು ಬರೆದದ್ದೇ, ಯಾವಾಗ ಬರೆದೆನೆಂದು ಗೊತ್ತಾಗಿರಲಿಲ್ಲ. ಅದರ ಮೇಲೆ ಗೀಟು ಹಾಕಿದಳು. ಕೆಳಗೆ ಜಾಗ ಕಡಿಮೆ ಇತ್ತು. ಅಕ್ಷರ ಚಿಕ್ಕದು ಮಾಡಿ ಬರೆದಳು: ಮೂರು ಸಲ ಫೋನ್ ಬಂತು. ಮೂರು ಸಲವೂ ನೋಡಿದೆ. ಬೇಕೆಂದೇ ತೆಗೆಯಲಿಲ್ಲ.

ಅವನು ಅದನ್ನೂ ಗಟ್ಟಿಯಾಗಿ ಓದಿದ. ಜಟ್ಟೆಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಓದಿ ಮುಗಿದ ಮೇಲೆ ಹಾಳೆಯನ್ನು ಮಡಿಚಲು ಹೋದವನು ಮತ್ತೆ ಬಿಚ್ಚಿ ಅವಳ ಮುಂದೆ ಹಿಡಿದ.

"ತಾರೀಖು ಹಾಕಿಲ್ಲ," ಎಂದ.

ಅವಳು ತಾರೀಖು ಹಾಕಿದಳು.